ನಾತಾಲಿನಾಳ ಕೂಸಿಗೆ ಹಾಕಿದ ನೀರು

‘ದೇವನೊಬ್ಬ ನಾಮ ಹಲವು’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಾತು ಸುಳ್ಳೆಂದಲ್ಲ. ನಿಜವೋ ಸುಳ್ಳೋ ನನಗೆ ತಿಳಿಯದು. ಆದರೆ ಹೇಳುವವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಷ್ಟು ಸಲೀಸಾಗಿ ಅದನ್ನು ಹೇಳಿ ಎದ್ದು ಹೋಗುತ್ತಾರೆ. ಆ ಮಾತು ಹೇಳಿ ಬಚಾವಾಗುವ ಅವಕಾಶ ನಮ್ಮ ಚಾಳಿನಲ್ಲಿ ಒಬ್ಬಳಿಗೆ ಸಿಕ್ಕಿತ್ತು. ಅವಳು ಹೇಳಲಿಲ್ಲ.

ಅವಳು ಶಿವಗಂಗವ್ವ, ಮುಂಡಗೋಡ ಕಡೆಯ ಸನವಳ್ಳಿಯವಳು. ಗಂಡ ಕರಿಬಸಪ್ಪನಿಗೆ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಕೆಲಸ ಸಿಕ್ಕಿ, ಮಿಲ್ಲು ಶುರುವಾದ ಹೊಸದರಲ್ಲೇ ಇಬ್ಬರೂ ಬಂದು ನಮ್ಮ ಎದುರಿನ ಖೋಲಿ ಹಿಡಿದರು. ನಾನು ಗೋದುಬಾಯಿ, ಬೆಳಗಾವಿ ಕಡೆಯಿಂದ ಮದುವೆಯಾಗಿ ಅದೇ ಚಾಳಿಗೆ ಬಂದವಳು. ನನ್ನ ಎರಡೂ ಹೆರಿಗೆ ಮಾಡಿಸಿದ ಸೂಲಗಿತ್ತಿ ಶಿವಗಂಗವ್ವನೇ. ‘ಹಲ್ಲ ಕಚ್ಚ, ಹೊಯ್ಕೋಬ್ಯಾಡ, ನಿನ್ನ ಅತ್ತಿ ಕೇಳಿ ನಗ್ತಾಳ’ ಎಂದು ಅವಳು ಬೈದದ್ದು ಇನ್ನೂ ಕಿವಿಯಲ್ಲಿದೆ. ಬೈದ ಬಾಯಲ್ಲೇ ಬಾಣಂತಿಗೆ ಗಂಜಿ ಊದಿ ಊದಿ ಕುಡಿಸುತ್ತಿದ್ದಳು.

ಲಿಂಗವಂತರಿಗೆ ಹೆರಿಗೆಯ ಸೂತಕವಿಲ್ಲ. ನಮ್ಮಂಥವರ ಮನೆಯಲ್ಲಿ ಬಾಣಂತಿಯನ್ನು ಮುಟ್ಟದೆ ದೂರ ನಿಲ್ಲುವಾಗ ಶಿವಗಂಗವ್ವ ಅವಳ ಬಟ್ಟೆ ಒಗೆದು, ಮೈ ತೊಳೆದುಕೊಂಡು, ನೇರ ಹೋಗಿ ಲಿಂಗಪೂಜೆಗೆ ಕೂರುತ್ತಿದ್ದಳು. ಅತ್ತೆಯಿಂದ ಕಲಿತ ಒಂದು ರೂಢಿ ಅವಳಿಗಿತ್ತು. ಹುಟ್ಟಿದ ಕೂಸು ಉಸಿರು ಹಿಡಿಯಲು ತಡಮಾಡಿದರೆ ತಲೆಗೆ ನೀರು ಚಿಮುಕಿಸಿ ‘ಓಂ ನಮಃ ಶಿವಾಯ’ ಎನ್ನುವಳು. ಕೂಸು ಯಾವ ಜಾತಿಯದು ಎಂದು ನೋಡಿದವಳಲ್ಲ. ಮುಸಲ್ಮಾನರ ಮನೆಯಲ್ಲೂ ಹಾಗೇ ಮಾಡಿದ್ದಳು. ಕೂಸು ಅತ್ತಿತು, ಮನೆಯವರು ಸಕ್ಕರೆ ಹಂಚಿದರು.

ಚಾಳಿನ ಕೊನೆಯ ಖೋಲಿಯಲ್ಲಿ ಇನಾಸ ಮತ್ತು ನಾತಾಲಿನಾ ಇದ್ದರು. ಅನಮೋಡದ ಕಡೆಯ ಕೊಂಕಣಿ ಕ್ರಿಸ್ತುವರು. ಇನಾಸ ಮಿಲ್ಲಿನಲ್ಲಿ ಬಡಗಿ. ಅವರ ಮೊದಲ ಕೂಸು ಹುಟ್ಟಿ ಘಳಿಗೆಯಲ್ಲೇ ಹೋಯಿತು. ಆಗ ಪಾದ್ರಿ ಹಳಿಯಾಳದಿಂದ ಬಂದು ಹೋಗಿ ಮಾಡುತ್ತಿದ್ದರು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಲೆಗೆ ನೀರೆರೆದು ಕ್ರಿಸ್ತನಿಗೆ ಸೇರಿಸುವ ಜ್ಞಾನಸ್ನಾನವಾಗದ ಕೂಸನ್ನು ಮಂತ್ರಿಸಿದ ನೆಲದಲ್ಲಿ ಹೂಳಬಾರದು ಎಂಬುದು ಆ ಕಾಲದ ಕಟ್ಟಳೆ. ಅವರ ಸ್ಮಶಾನ ಸಿಮೆಟ್ರಿಯ ಪೌಳಿಗೋಡೆಯ ಹೊರಗೆ, ಗಿಡಗಂಟಿಯ ಮಧ್ಯೆ ಹೂತರು. ಅಂಥ ಕೂಸುಗಳು ನರಕಕ್ಕೆ ಹೋಗುವುದಿಲ್ಲವಂತೆ, ಸ್ವರ್ಗಕ್ಕೂ ಇಲ್ಲವಂತೆ. ನಾತಾಲಿನಾಳನ್ನು ತಿಂದದ್ದು ಅದೇ.

‘ನಾ ಸತ್ತ ಮ್ಯಾಲೂ ಅದು ನನಗ ಸಿಗೂದಿಲ್ಲ, ಮಾವ್ಶಿ’ ಎಂದು ತಾನು ಚಿಕ್ಕಮ್ಮನೆಂದು ಕರೆಯುವ ಶಿವಗಂಗವ್ವನ ಮುಂದೆ ಅಳುತ್ತಿದ್ದಳು.

ನಮ್ಮ ಸಾಲೆಯ ಟೀಚರ್ ಕರುಣಾಬಾಯಿ ಕೂಡ ಯೇಸುವಿನ ಕಡೆಯವರೇ. ಆದರೆ ಧಾರವಾಡದ ಮಿಶನ್ ಸಭೆಯವರು. ಇವರ ಇಗರ್ಜಿಗೆ ಅವರು ಬಾರರು, ಅವರ ಪ್ರಾರ್ಥನೆಗೆ ಇವರು ಹೋಗರು. ಕರುಣಾಬಾಯಿ ಒಳ್ಳೆಯ ಮನಸ್ಸಿನಿಂದಲೇ, ‘ಕೂಸಿಗೆ ಯಾತರ ಪಾಪ ನಾತಾಲಿನಾ? ಅದು ಕರ್ತನ ಮಡಿಲಾಗ ಐತಿ’ ಎಂದರು. ನಾತಾಲಿನಾ ತಲೆ ಅಲ್ಲಾಡಿಸಿದಳು. ಆಮೇಲೆ ನನ್ನ ಕಿವಿಯಲ್ಲಿ, ‘ಅವರ ದೇವರು ಬ್ಯಾರೆ’ ಎಂದಳು. ನನಗೆ ನಗು ಬಂತು. ಇಬ್ಬರ ಮನೆಯ ಗೋಡೆಯ ಮೇಲೂ ಅದೇ ಶಿಲುಬೆ ಇತ್ತು.

ಎರಡನೆಯ ಸಲ ಬಸುರಾದಾಗ ನಾತಾಲಿನಾ ಪಾದ್ರಿಯ ಬೆನ್ನು ಬಿದ್ದಳು. ಅವರೇ ಒಂದು ಭಾನುವಾರ ಶಿವಗಂಗವ್ವನ ಮನೆ ಬಾಗಿಲಿಗೆ ಬಂದರು. ಕೂಸು ಉಳಿಯುವ ಹಾಗೆ ಕಾಣದಿದ್ದರೆ, ಪಾದ್ರಿ ಇಲ್ಲದಿದ್ದರೆ, ಯಾರು ಬೇಕಾದರೂ ಜ್ಞಾನಸ್ನಾನ ಮಾಡಿಸಬಹುದಂತೆ, ಬೇರೆ ಧರ್ಮದವರೂ. ಜೀವ ಇರುವಾಗಲೇ ತಲೆಯ ಮೇಲೆ ನೀರು ಎರೆಯಬೇಕು, ಎರೆಯುತ್ತಾ ‘ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಮಾಡಿಸುತ್ತೇನೆ’ ಎನ್ನಬೇಕು.

‘ನೀರು ಯಾವುದಾದರೂ ಆದೀತು. ಮಾತು ಮಾತ್ರ ಇದೇ ಆಗಬೇಕು ತಾಯಿ’ ಎಂದರು ಪಾದ್ರಿ.

ಶಿವಗಂಗವ್ವ ಕೂಡಲೇ ಒಪ್ಪಲಿಲ್ಲ. ತಮ್ಮ ಮನೆಗಳಿಗೆ ಬರುತ್ತಿದ್ದ ಅಡಿವೆಯ್ಯನವರನ್ನು ಕೇಳಿದಳು. ಹುಟ್ಟಿದ ಲಿಂಗವಂತ ಕೂಸುಗಳಿಗೆ ಲಿಂಗ ಕಟ್ಟುವ ಜಂಗಮರು ಅವರು.

‘ಅಯ್ಯಾರ, ಆ ಮಾತ ಅಂದ್ರ ನಾ ಕೆಡತೇನೇನ್ರಿ?’

‘ಒಂದ ಕೂಸಿನ ಸಲುವಾಗಿ ಅಂದ್ರ ಯಾಕ ಕೆಡತಿ? ಕೊರಳಾಗಿನ ಲಿಂಗ ಹೆದರಿ ಓಡಿ ಹೋಗತೈತೇನು?’

ಅಲ್ಲಿಂದ ಮುಂದೆ ರೊಟ್ಟಿ ಬಡಿಯುವಾಗೆಲ್ಲ ಆ ಮಾತು ಬಾಯಿಪಾಠ. ಕೇಳಿ ಕೇಳಿ ನನಗೂ ಬಂತು. ‘ಇನ್ನ ನಾನೂ ಇಗರ್ಜಿಗೆ ಹೋಗಾಕ ಕೋಟ ಹೊಲಿಸ್ಕೋಬೇಕೇನು?’ ಎಂದು ಕರಿಬಸಪ್ಪ ಚೇಷ್ಟೆ ಮಾಡಿದ. ಅವಳು ನಗಲಿಲ್ಲ. ನಾತಾಲಿನಾಳ ಕೈಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು.

ಶ್ರಾವಣದ ಒಂದು ಮಧ್ಯಾಹ್ನ, ದಿನ ತುಂಬುವ ಮೊದಲೇ, ನಾತಾಲಿನಾಳಿಗೆ ನೋವು ಬಂತು. ಹಳಿಯಾಳದ ಬಸ್ಸು ಮಳೆಗೆ ನಿಂತು ಹೋಗಿತ್ತು. ಒಳಗೆ ಇದ್ದವರು ನಾವು ಮೂವರೇ. ನೀರಿನ ತಂಬಿಗೆ ಹಿಡಿದವಳು ನಾನು. ಕೂಸು ಹೊರಬಂದಾಗ ನೀಲಿಗಟ್ಟಿತ್ತು. ಶಿವಗಂಗವ್ವ ಅದನ್ನು ತಲೆಕೆಳಗೆ ಮಾಡಿ ಬೆನ್ನು ತಟ್ಟಿದಳು, ಅಂಗಾಲು ಉಜ್ಜಿದಳು, ಬಾಯಲ್ಲಿ ಬಾಯಿಟ್ಟು ಊದಿದಳು. ಕೂಸು ಒಮ್ಮೆ ಬಿಕ್ಕಿತು. ಅವಳು ನನ್ನ ತಂಬಿಗೆಗೆ ಕೈ ಹಾಕಿ ಕೂಸಿನ ತಲೆಗೆ ನೀರು ಎರೆದಳು. ಎರೆಯುತ್ತಾ ಅಂದಳು: ‘ಓಂ ನಮಃ ಶಿವಾಯ. ಓಂ ನಮಃ ಶಿವಾಯ.’

ಎಷ್ಟೋ ವರ್ಷ ಎಷ್ಟೋ ಕೂಸುಗಳಿಗೆ ಅಂದ ಬಾಯಿ ಅದು. ಕೂಸನ್ನು ಉಳಿಸಬೇಕು ಎಂಬ ಗಾಬರಿಯಲ್ಲಿ ಕಲಿತದ್ದು ಹೋಗಿ ರೂಢಿ ಬಂತು. ಕೂಸು ಇನ್ನೊಂದು ಸಲ ಬಾಯಿ ತೆರೆಯಿತು, ಉಸಿರು ಹಾಗೆಯೇ ನಿಂತು ಹೋಯಿತು. ಆಗ ಅವಳು ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು ಎಂದು ನನಗೆ ತಿಳಿಯಿತು.

ನಾತಾಲಿನಾ ಕಣ್ಣು ಮುಚ್ಚಿಕೊಂಡೇ ಕೇಳಿದಳು: ‘ಮಾವ್ಶಿ, ನೀರ ಹಾಕಿದಿ?’

‘ಹಾಕೇನಿ’ ಎಂದಳು ಶಿವಗಂಗವ್ವ. ಅದು ಸುಳ್ಳಲ್ಲ.

‘ದೇವ್ ಬರೆಂ ಕರೂಂ’ ಎಂದಳು ನಾತಾಲಿನಾ. ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು. ಕೂಸು ಸತ್ತ ತಾಯಿಯ ಮುಖದಲ್ಲಿ ಅಂಥ ಸಮಾಧಾನ ನಾನು ಮತ್ತೆ ಎಲ್ಲಿಯೂ ಕಂಡಿಲ್ಲ.

ಹಿತ್ತಲಿಗೆ ಬಂದ ಕೂಡಲೇ ಶಿವಗಂಗವ್ವ ನನ್ನ ರಟ್ಟೆ ಹಿಡಿದಳು. ‘ಗೋದುಬಾಯಿ, ನೀ ಕೇಳಿದಿ.’

‘ನಾ ಏನೂ ಕೇಳಿಲ್ಲ. ಮಳಿ ಸಪ್ಪಳ ಎಷ್ಟಿತ್ತು’ ಎಂದೆ. ಹೇಳಬೇಡಿ ಎಂದೂ ಹೇಳಿದೆ. ಇವತ್ತಿಗೂ ಆ ಮಾತು ತಪ್ಪೆಂದು ನನಗೆ ಅನಿಸಿಲ್ಲ.

ಸಂಜೆ ಅವಳು ಅಡಿವೆಯ್ಯನವರ ಹತ್ತಿರ ಹೋದಳು. ‘ಶಿವನ ಹೆಸರಿಗೆ ಓಗೊಡದ ದೇವರು ಯಾವ ಅದಾನು? ಎಲ್ಲಾ ಒಂದ. ಸುಮ್ಮನಿರು’ ಎಂದರು ಅವರು. ಕರುಣಾಬಾಯಿಯನ್ನು ಕೇಳಿದಳು. ‘ದೇವರು ಹೃದಯ ನೋಡ್ತಾನ್ರಿ, ಮಾತಲ್ಲ. ಬೇಕಾದ್ರ ನಮ್ಮ ಸಭೆಯ ನೆಲದಾಗ ಮಣ್ಣ ಮಾಡೂಣು, ಅಲ್ಲಿ ಯಾರೂ ಏನೂ ಕೇಳೂದಿಲ್ಲ’ ಎಂದರು ಅವರು. ಕೇಳಿದವರೆಲ್ಲ ಧಾರಾಳವಾಗಿ ದೇವರನ್ನು ಒಂದು ಮಾಡಿದರು. ಖರ್ಚು ಅವರದಲ್ಲವಲ್ಲ!

ಶಿವಗಂಗವ್ವ ತಿರುಗಿ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು.

‘ಒಬ್ಬನ ಇರಬೇಕು. ನನಗೂ ಹಂಗ ಅನಸತೈತಿ’ ಎಂದಳು. ‘ಆದ್ರ ನಾತಾಲವ್ವ ನನಗ ಅನಸಿದ್ದು ಕೇಳಿರಲಿಲ್ಲ. ತನ್ನ ಮಾತ ನನ್ನ ಕಡೆ ಕೊಟ್ಟಿದ್ಲು.’

‘ಖರೆ ಹೇಳಿದ್ರ ಯಾರಿಗೆ ಏನ ಸಿಗತೈತ್ರಿ? ಆ ಹೆಣ್ಣಮಗಳು ಒಂದ ರಾತ್ರಿ ನಿದ್ದಿ ಮಾಡಿದ್ರ ನಿಮಗ ಬ್ಯಾನಿ ಏನು?’ ಎಂದು ನಾನು ರೇಗಿದೆ.

‘ಇಬ್ಬರ ದೇವರೂ ಒಬ್ಬನ ಆದ್ರ, ಸುಳ್ಳ ಹೇಳಿ ನಾ ಯಾರ ಮುಂದ ಪೂಜಿಗೆ ಕೂಡಲಿ, ಗೋದುಬಾಯಿ?’

ನಾನು ಸಿಟ್ಟಿನಿಂದ ಎದ್ದು ಒಳಗೆ ಹೋದೆ. 

ಮರುದಿನ ಬೆಳಿಗ್ಗೆ ಪಾದ್ರಿ ಕಟ್ಟಿಗೆಯ ಲಾರಿ ಹತ್ತಿ, ತೊಯ್ದು ತಪ್ಪಡಿಯಾಗಿ ಬಂದರು. ಇನಾಸ ತಾನೇ ಮಾಡಿದ ಪುಟ್ಟ ಪೆಟ್ಟಿಗೆಯಲ್ಲಿ ಕೂಸನ್ನು ಮಲಗಿಸಿದ್ದ. ಪೌಳಿಯ ಒಳಗೆ ತಗ್ಗು ತೋಡಲು ಆಳನ್ನೂ ಕಳಿಸಿಯಾಗಿತ್ತು. ಪಾದ್ರಿ ಪದ್ಧತಿಯಂತೆ ಕೇಳಿದರು.

‘ನೀರು ಎರೆದೆಯಾ ತಾಯಿ?’

‘ಎರದೇನ್ರಿ.’

‘ಮಾತು?’

ಶಿವಗಂಗವ್ವ ನಾತಾಲಿನಾಳ ಕಡೆ ನೋಡಿದಳು. ‘ತಪ್ಪೇತ್ರಿ. ನನ್ನ ಬಾಯಾಗ ಶಿವನ ಹೆಸರ ಬಂತ್ರಿ.’

ಹೆರಿಗೆಯಲ್ಲಿ ಹಲ್ಲು ಕಚ್ಚಿದ್ದ ನಾತಾಲಿನಾ ಆಗ ಕಿರುಚಿದಳು. ಇನಾಸ ಶಿವಗಂಗವ್ವನನ್ನು ಹೊಡೆಯಲು ಕೈಯೆತ್ತಿದ, ಪಾದ್ರಿ ಹಿಡಿದರು. ಹಿಡಿದುಕೊಂಡೇ, ‘ಆಗ ಮನಸ್ಸಿನಲ್ಲಿ ಏನಿತ್ತು?’ ಎಂದು ಕೇಳಿದರು.

‘ಈ ಕೂಸು ಅದರ ತಾಯಿಗೆ ಸಿಗಲಿ ಅಂತಿತ್ರಿ.’

ಪಾದ್ರಿ ಇನಾಸನ ಕೈ ಬಿಟ್ಟರು. ಆಮೇಲೆ, ಕಟ್ಟಳೆ ತಾನು ಮಾಡಿದ್ದಲ್ಲ ಎಂದರು. ಪೌಳಿಯ ಹೊರಗೇ ಹೂತರು. ಅಂಥ ಕೂಸಿಗೆ ಓದುವ ಪ್ರಾರ್ಥನೆ ಅವರ ಪುಸ್ತಕದಲ್ಲಿ ಇರಲಿಲ್ಲವೇನೋ; ಪುಸ್ತಕ ಮುಚ್ಚಿ, ಕೆಸರಿನಲ್ಲಿ ಮಂಡಿಯೂರಿ, ತುಟಿ ಅಲ್ಲಾಡಿಸುತ್ತಾ ಕೂತರು. ಮನುಷ್ಯ ಅತ್ತದ್ದನ್ನು ನಾನೇ ನೋಡಿದೆ. ಅಷ್ಟು ಅಳುವವರು ಪೌಳಿಯ ಒಳಗೇ ಯಾಕೆ ಹೂಳಲಿಲ್ಲ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅವರು ಕೆಟ್ಟವರಾಗಿದ್ದರೆ ಇಳಿಯುತ್ತಿತ್ತು.

ಅಂದಿನಿಂದ ನಾತಾಲಿನಾ ಶಿವಗಂಗವ್ವನ ಜೊತೆ ಮಾತು ಬಿಟ್ಟಳು. ಶಿವಗಂಗವ್ವ ನಳಕ್ಕೆ ಬಂದರೆ ಇವಳು ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೊರಡುವಳು. ಶಿವಗಂಗವ್ವ ಹೆರಿಗೆಗೆ ಹೋಗುವುದನ್ನೇ ನಿಲ್ಲಿಸಿದಳು. ಕರೆಯಲು ಬಂದವರಿಗೆ ‘ಕೈ ನಡಗತಾವು’ ಎನ್ನುವಳು. ನಡುಗುತ್ತಿರಲಿಲ್ಲ, ಅದೇ ಕೈಯಲ್ಲಿ ಕಾಗದದಷ್ಟು ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದಳು. ನನ್ನ ಜೊತೆ ಮಾತ್ರ ನಾತಾಲಿನಾ ಮೊದಲಿನಂತೆಯೇ ಇದ್ದಳು. ಉಪ್ಪು ಒಯ್ಯುವಳು, ಮೀನು ಬಂದ ದಿನ ನಮಗೆ ವಾಸನೆ ಆಗದೆಂದು ಮೊದಲೇ ಹೇಳಿ ಕಿಟಕಿ ಮುಚ್ಚಿಸುವಳು. ಆ ಮಧ್ಯಾಹ್ನ ನಾನೂ ಕೇಳಿಸಿಕೊಂಡಿದ್ದೆ ಎಂಬುದು ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ಮುಂದೆ ಬದುಕಿ ಉಳಿದ ಮಗಳು ಅವಳ ಹೊಟ್ಟೆಯಲ್ಲಿದ್ದಾಗಿನ ಮಾತು. ನಾನು ಶಿವಗಂಗವ್ವನ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ. ನಾತಾಲಿನಾ ತುಂಬಿದ ಹೊಟ್ಟೆ ಹೊತ್ತು ಬಂದು ಬಾಗಿಲಲ್ಲಿ ನಿಂತಳು.

‘ಮಾವ್ಶಿ, ಈ ಸಲಾನೂ ನೀನ ಬರಬೇಕು.’

ಶಿವಗಂಗವ್ವ ಸೆರಗಿಗೆ ಕೈ ಒರೆಸಿಕೊಂಡಳು. ‘ನಾ ಬ್ಯಾಡವ್ವಾ. ನನ್ನ ಬಾಯಿ ಮತ್ತ ತಪ್ಪಿದ್ರ? ಗೋದುಬಾಯಿನ್ನ ಕೂಡಿಸ್ಕೊ. ಆ ಮಾತು ಆಕಿಗೆ ಪಕ್ಕಾ ಬರತಾವು.’

ಹೌದು, ಬರುತ್ತವೆ ಎಂದು ನಾನೂ ತಲೆಯಾಡಿಸಿದೆ.

ನಾತಾಲಿನಾ ನನ್ನ ಕಡೆ ತಿರುಗಲಿಲ್ಲ.

‘ತಪ್ಪಿದ್ರ ನೀ ಹೇಳ್ತಿ, ಮಾವ್ಶಿ’ ಎಂದಳು. ‘ಗೋದುಬಾಯಿ ಹೇಳೂದಿಲ್ಲ.’

ನಾನು ಮೊರದಿಂದ ಮುಖ ಎತ್ತಲಿಲ್ಲ.