ಟ್ಯಾಂಕಿನೊಳಗೆ ಅಪ್ಪ ಇದ್ದಾಗ

ಈ ಪರದೇಶದ ಚಾಟ್ಸ್‌ವರ್ತ್‌ನ ಗುಡ್ಡದ ಮೇಲಿನ ಹಳೆಯ ನೀರಿನ ಟ್ಯಾಂಕನ್ನು ಖಾಲಿ ಮಾಡಿ ರಿಪೇರಿ ಮಾಡಿಸುತ್ತಿದ್ದೇವೆ. ಇವತ್ತು ಮುಚ್ಚಳ ತೆರೆದೊಡನೆ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಹಾವೇರಿ ಕಡೆಯ ನಮ್ಮೂರು ನೆನಪಾಯಿತು.

ಅಪ್ಪ ಊರಿಗೆ ನೀರು ಬಿಡುವ ಕೆಲಸದಲ್ಲಿದ್ದರು. ನನ್ನ ಬಾಲ್ಯದಲ್ಲೊಂದು ದಿನ ಊರಿನ ಎತ್ತರದ ಟ್ಯಾಂಕಿನೊಳಗೆ ಒಬ್ಬರೇ ಇಳಿದು ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜುತ್ತಿದ್ದರು. ಅವ್ವನೂ ನಾನೂ ಬುತ್ತಿ ತಂದು ಕೆಳಗೆ ನಿಂತಿದ್ದೆವು. ಇದ್ದಕ್ಕಿದ್ದಂತೆ ಪಕ್ಕದಲ್ಲಿ ಟ್ಯಾಂಕಿಗೆ ನೀರೇರಿಸುವ ದಪ್ಪ ಪೈಪು ನಡುಗತೊಡಗಿತು. ದೂರದ ಪಂಪ್‌ಹೌಸಿನಲ್ಲಿ ಯಾರೋ ತಿಳಿಯದೆ ಮೋಟಾರು ಚಾಲೂ ಮಾಡಿದ್ದರು.

"ನೀರು ಬರಾಕತ್ತೈತ್ರೀ! ಹೊರಗ ಬರ್ರೀ!" ಅವ್ವ ಕೂಗಿದಳು. ಮೇಲೆ ನೀರು ಧುಮುಕುವ ಸದ್ದು ಮಾತ್ರ. ಅವ್ವ ಬುತ್ತಿ ಬಿಸಾಡಿ ಪೈಪಿನ ವಾಲ್ವಿನ ಚಕ್ರಕ್ಕೆ ಜೋತುಬಿದ್ದಳು. ತುಕ್ಕು ಹಿಡಿದ ಚಕ್ರ ಅಲುಗಲಿಲ್ಲ. ನಾನೂ ಕೈ ಹಾಕಿದೆ. ಕೊನೆಗೆ ಅದು ಕಿರ್ರೆಂದು ತಿರುಗಿತು, ಸದ್ದು ನಿಂತಿತು.

ತುಂಬ ಹೊತ್ತಿನ ಮೇಲೆ ಅಪ್ಪ ಏಣಿ ಇಳಿದು ಬಂದರು. ಮೈಯೆಲ್ಲ ತೊಯ್ದಿತ್ತು, ಹಣೆಯಲ್ಲಿ ರಕ್ತ.

"ಗಡಿಬಿಡ್ಯಾಗ ಜಾರಿ ಬಿದ್ನಿ," ಎಂದರು.

ಅವ್ವ ಸುಲಿದ ಅಂಗೈಯಿಂದಲೇ ಅವರ ಮುಖ ಒರೆಸಿದಳು.

ಇವತ್ತು ಇಲ್ಲಿ ಇಬ್ಬರು ಕೆಲಸಗಾರರು ಒಳಗಿಳಿಯುವ ಮುಂಚೆ, ಯಾರೂ ನೀರು ಬಿಡದಂತೆ ವಾಲ್ವಿಗೆ ಹಾಕಿದ ಬೀಗ ಜಗ್ಗಿ ನೋಡಿದೆ.

"ಆಗ್ಲೇ ಚೆಕ್ ಮಾಡಿದ್ರಲ್ಲಾ?" ಎಂದರು ಜೊತೆಗಿದ್ದ ಬೆಂಗಳೂರಿನ ಎಂಜಿನಿಯರ್.

"ಹೌದು," ಎಂದು ಮತ್ತೊಮ್ಮೆ ಜಗ್ಗಿದೆ.