ಮೈಲೇಜ್ ವಿಜಯಣ್ಣನ ಸುಳ್ಳು

ಗೊರಗುಂಟೆಪಾಳ್ಯದ ಸರ್ವಿಸ್ ರಸ್ತೆಯಲ್ಲಿ ಕಾರಿಗೆ ಅಲಂಕಾರ ಮಾಡುವ ಅಂಗಡಿಗಳು ಸಾಲಾಗಿವೆ. ಸೀಟ್ ಕವರು, ಬಣ್ಣದ ದೀಪ, ಕಿಟಕಿಯ ಮೇಲಿನ ಮಳೆಪಟ್ಟಿ, ಹಿಂಬದಿಗೆ ರೆಕ್ಕೆಯಂಥ ಸ್ಪಾಯ್ಲರು, ಏನು ಕೇಳಿದರೂ ಅಲ್ಲಿ ಅರ್ಧ ಗಂಟೆಯಲ್ಲಿ ಕೂರಿಸಿಕೊಡುತ್ತಾರೆ. ಸಾಲಿನ ಕೊನೆಯ ಅಂಗಡಿ ವಿಜಯಕುಮಾರನದು. ಉಳಿದವರು ಕೂರಿಸುತ್ತಾರೆ, ಇವನು ಬಿಚ್ಚುತ್ತಾನೆ. ಗಾಡಿ ಮೈಲೇಜ್ ಕೊಡುತ್ತಿಲ್ಲ ಎಂದು ಯಾರಾದರೂ ಗೊಣಗಿದರೆ ಅಕ್ಕಪಕ್ಕದ ಅಂಗಡಿಯವರು ನಗುತ್ತಾ ಕೊನೆಯ ಅಂಗಡಿಯ ಕಡೆ ಕೈ ತೋರಿಸುತ್ತಾರೆ. ಮೈಲೇಜ್ ವಿಜಯಣ್ಣ ಎಂದೇ ಅವನಿಗೆ ಹೆಸರು ಬಿದ್ದುಹೋಗಿದೆ.

ಐದಾರು ವರ್ಷಗಳ ಹಿಂದೆ ಅವನೂ ಕೂರಿಸುವವನೇ ಆಗಿದ್ದ. ಪೀಣ್ಯದ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿತವನು. ಕಾರಿನ ಮುಂದೆ ಹಾಕುವ ಕಬ್ಬಿಣದ ಗಾರ್ಡ್ ಮಾಡುವುದರಲ್ಲಿ ಅವನ ಕೈಯೇ ಕೈ. ಎರಡಿಂಚಿನ ಪೈಪು ಬಗ್ಗಿಸಿ, ಬೆಸೆದು, ಕಪ್ಪು ಬಣ್ಣ ಹೊಡೆದು, ಬಂಪರ್ ದಾಟಿಸಿ ನೇರ ಗಾಡಿಯ ಅಡಿಚೌಕಟ್ಟಿಗೇ, ಚಾಸಿಗೇ, ಬೋಲ್ಟ್ ಬಿಗಿಯುತ್ತಿದ್ದ. ಅಲುಗಾಡಿಸಿದರೆ ಇಡೀ ಗಾಡಿ ಅಲುಗಬೇಕು, ಗಾರ್ಡ್ ಅಲುಗಬಾರದು. ಇಂಥ ಗಾರ್ಡ್ ಹಾಕಬಾರದೆಂದು ಸರ್ಕಾರ ಆದೇಶ ಮಾಡಿ ಆಗಲೇ ಕೆಲವು ವರ್ಷಗಳಾಗಿದ್ದವು. ಆದರೂ ಕೇಳಿಕೊಂಡು ಬರುವವರು ಇದ್ದರು, ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಮಾಡಿಕೊಡುವವನು ಇವನಿದ್ದ.

ಹಾಗೆ ಬಂದವನು ಅಟ್ಟೂರಿನ ಅಶ್ವತ್ಥ್. ಹೊಲವಿದ್ದ ಜಾಗದಲ್ಲೆಲ್ಲ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದ ಬಿಲ್ಡರ್. ಅವನ ಎತ್ತರದ ಗಾಡಿಗೆ ವಿಜಯಕುಮಾರ ಮೂರು ಸಾಲಿನ ಗಾರ್ಡ್ ಕೂರಿಸಿಕೊಟ್ಟ. ನಾಲ್ಕು ತಿಂಗಳು ಕಳೆದ ಮೇಲೆ ಅಶ್ವತ್ಥ್ ಮತ್ತೆ ಬಂದ. ಗಾರ್ಡಿಗೆ ಹೊಸದಾಗಿ ಬಣ್ಣ ಹೊಡೆಯಬೇಕಂತೆ. ಚಿಕ್ಕಬಾಣಾವರದ ಹತ್ತಿರ ಬೆಳಿಗ್ಗೆ ಒಬ್ಬ ಹೆಂಗಸು ಅಡ್ಡ ಬಂದಳು, ಜೋರಾಗೇನೂ ಹೋಗುತ್ತಿರಲಿಲ್ಲ, ಬ್ರೇಕ್ ಹಾಕಿದರೂ ತಗುಲಿತು, ಅಂದೇ ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡಳು, ಸ್ಟೇಷನ್ನಿನಿಂದ ಗಾಡಿ ಬಿಡಿಸಿಕೊಂಡು ಬರುವಷ್ಟರಲ್ಲಿ ಸಾಕಾಯಿತು ಎಂದೆಲ್ಲ ಹೇಳಿದ. ಹೇಳಿ ಬಾಗಿ, ಪೈಪಿನ ಮೇಲೆ ಬೆರಳ ಗೆಣ್ಣಿನಿಂದ ಠಣ್ಣೆಂದು ಹೊಡೆದ.

"ಇಂಗೆ ಗಟ್ಟಿಯಾಗಿ ಮಾಡಿದ್ದೀಯಲ್ಲ ಗುರು. ಒಂಚೂರೂ ಸೊಟ್ಟ ಆಗಿಲ್ಲ ನೋಡು."

ಅದು ಹೊಗಳಿಕೆ. ವಿಜಯಕುಮಾರನಿಗೆ ಒಂದು ಗಳಿಗೆ ಹೆಮ್ಮೆಯೂ ಆಯಿತು. ಆ ಒಂದು ಗಳಿಗೆಯನ್ನು ಅವನು ಇವತ್ತಿಗೂ ಮರೆತಿಲ್ಲ.

ಬಣ್ಣಕ್ಕೆ ಮೊದಲು ಮರಳುಕಾಗದ ಹಾಕಿ ಉಜ್ಜುತ್ತಿದ್ದಾಗ ಪೈಪು ಮತ್ತು ಪಟ್ಟಿ ಸೇರುವ ಸಂದಿನಲ್ಲಿ ಏನೋ ಸಿಕ್ಕಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಮೀಟಿದ. ಹಸಿರು ಗಾಜಿನ ಬಳೆಯ ಚೂರು. ಅಂಗೈಯಲ್ಲಿಟ್ಟುಕೊಂಡು ನೋಡಿದ, ಕಸದ ಜೊತೆ ಗುಡಿಸಿ ಹಾಕಿದ, ಎರಡು ಕೋಟ್ ಬಣ್ಣ ಹೊಡೆದ. ಸಂಜೆಗೆ ಗಾಡಿ ಹೊಸದರಂತೆ ಹೊಳೆಯುತ್ತಾ ಹೋಯಿತು.

ಕೆಲವು ದಿನಗಳ ಮೇಲೆ ಹೆಸರಘಟ್ಟ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದಾಗ ಚಿಕ್ಕಬಾಣಾವರದಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದು ಕಂಡಿತು. ಲಕ್ಷ್ಮಿದೇವಮ್ಮ, ಅಂಗನವಾಡಿ ಸಹಾಯಕಿ, ರಸ್ತೆ ಅಪಘಾತದಲ್ಲಿ ನಿಧನ. ದುಂಡು ಮುಖ, ಫೋಟೋ ತೆಗೆಯುವವನು ಏನೋ ತಮಾಷೆ ಹೇಳಿರಬೇಕು ಎನ್ನುವಂಥ ನಗು. ಬಸ್ಸು ಅಲ್ಲೇ ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟಿತು. ಕಿಟಕಿಯಾಚೆ ಅವಳು, ಈಚೆ ಇವನು.

ಅಂದಿನಿಂದ ಶುರುವಾಯಿತು. ಜಂಕ್ಷನ್ನಿನಲ್ಲಿ ರಸ್ತೆ ದಾಟಲು ನಿಂತರೆ ಹೊಟ್ಟೆಗೆ ಅಡ್ಡಲಾಗಿ ತಣ್ಣನೆಯದೇನೋ ಒತ್ತಿದ ಹಾಗಾಗುತ್ತಿತ್ತು. ಬಿಸಿಲಿನಲ್ಲಿ ಬೆವರುತ್ತಿದ್ದಾಗಲೂ ಆ ಒಂದು ಗೆರೆ ಮಾತ್ರ ತಣ್ಣಗೆ. ಸಿಗ್ನಲ್ಲಿನಲ್ಲಿ ನಿಂತ ಗಾಡಿಗಳಲ್ಲಿ ಅವನ ಕಣ್ಣಿಗೆ ಬೀಳುತ್ತಿದ್ದುದು ಗಾರ್ಡುಗಳೇ. ಇದು ತೊಡೆಗೆ ಬರುತ್ತದೆ, ಇದು ಸೊಂಟಕ್ಕೆ, ಇದು ಮಗುವಿನ ಎದೆಗೆ. ಕಂಪನಿಯ ಬಂಪರ್ ಪ್ಲಾಸ್ಟಿಕ್ಕಿನದು, ಏಟು ಬಿದ್ದರೆ ತಾನು ಮುರಿದು ಎದುರಿನವರನ್ನು ಒಂದಿಷ್ಟು ಉಳಿಸುತ್ತದೆ. ತಾನು ಮಾಡಿದ್ದು ಮುರಿಯುವುದಿಲ್ಲ. ಮುರಿಯಬಾರದೆಂದೇ ಮಾಡಿದ್ದು. ಹೆಂಡತಿ ನಾಗಮಣಿ ಮಲ್ಲೇಶ್ವರಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರೆ ಇವನ ದೃಷ್ಟಿ ಅವಳ ಸೊಂಟದ ಎತ್ತರ ಅಳೆಯುತ್ತಿತ್ತು. ಅವಳ ಕೈಯಲ್ಲಿ ಹಸಿರು ಬಳೆ ಕಂಡ ದಿನ ಅಂಗಡಿಗೇ ಹೋಗಲಿಲ್ಲ. ಯಾಕೆಂದು ಅವಳು ಕೇಳಿದರೆ ತಲೆನೋವು ಎಂದ.

ಗಾರ್ಡ್ ಮಾಡುವುದನ್ನು ನಿಲ್ಲಿಸಿದ. ಅಷ್ಟು ಸಾಲದೆನ್ನಿಸಿತು. ತನ್ನ ಕೈಯಿಂದ ಹೋದವನ್ನೆಲ್ಲ ವಾಪಸು ಬಿಚ್ಚಿಸಬೇಕು. ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗೂ ಫೋನು ಮಾಡಿ ನಿಜವನ್ನೇ ಹೇಳಿದ: ಯಾರಿಗಾದರೂ ತಗುಲಿದರೆ ಜೀವ ಹೋಗುತ್ತದೆ, ಬಿಚ್ಚಿಸಿಬಿಡಿ. ಕೆಲವರು ಆಮೇಲೆ ನೋಡೋಣ ಎಂದರು. ಅಶ್ವತ್ಥ್ ಫೋನೇ ಎತ್ತಲಿಲ್ಲ. ಒಬ್ಬನಂತೂ, ಅಡ್ಡ ಬರುವವರು ನೋಡಿಕೊಂಡು ಬರಲಿ, ಗಾರ್ಡ್ ಇರುವುದು ನನ್ನ ಗಾಡಿಗೆ ಎಂದ.

ಒಂದು ದಿನ ಅದೇ ರಸ್ತೆಯ ಜಹೀರ್ ತನ್ನ ಟ್ಯಾಕ್ಸಿ ತಂದು ನಿಲ್ಲಿಸಿದ. ಮುಂದೆ ಗಾರ್ಡು, ಮೇಲೆ ಲಗೇಜ್ ಕ್ಯಾರಿಯರು. ಇತ್ತೀಚೆಗೆ ಲೀಟರಿಗೆ ಹದಿನಾಲ್ಕು ದಾಟುತ್ತಿಲ್ಲ ವಿಜಯಣ್ಣ ಎಂದು ಬೇಸರಪಟ್ಟುಕೊಂಡ. ವಿಜಯಕುಮಾರನ ಬಾಯಿಂದ ಮಾತು ತಾನಾಗಿ ಬಂತು. ಎರಡೂ ತೆಗೆದುಬಿಡು, ಮೂರು ಕಿಲೋಮೀಟರು ಜಾಸ್ತಿ ಬರುತ್ತದೆ. ಜಹೀರ್ ಮರುಮಾತಾಡದೆ ಬೀಗದ ಕೈ ಕೊಟ್ಟ. ಜೀವ ಎಂದಾಗ ಕೇಳದ ಕಿವಿಗಳು ಮೈಲೇಜ್ ಎಂದರೆ ಕೇಳುತ್ತವೆ ಎಂದು ವಿಜಯಕುಮಾರನಿಗೆ ಅವತ್ತು ಗೊತ್ತಾಯಿತು.

ಆಮೇಲೆ ಅದೇ ಮಾತು. ಗಾಡಿಯ ಮೈ ಬಿಟ್ಟು ಹೊರಗೆ ಚಾಚಿದ್ದೆಲ್ಲ ಗಾಳಿಗೆ ಎದೆಯೊಡ್ಡುತ್ತದೆ, ಆ ಗಾಳಿಯನ್ನು ತಳ್ಳುವುದಕ್ಕೆ ಎಂಜಿನ್ನು ಪೆಟ್ರೋಲ್ ಕುಡಿಯುತ್ತದೆ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದ. ನಂಬದವರಿಗೆ, ಏರ್‌ಪೋರ್ಟ್ ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವಾಗ ಪಕ್ಕದ ಸೀಟಿನವರು ಅಂಗೈಯನ್ನು ಕಿಟಕಿಯಾಚೆ ಒಂಚೂರು ಒಡ್ಡಿ ನೋಡಲಿ, ಅಂಗೈ ಅಗಲದ ಗಾಳಿಗೇ ಎಷ್ಟು ಬಲವಿದೆ ತಿಳಿಯುತ್ತದೆ ಎನ್ನುತ್ತಿದ್ದ. ಕ್ಯಾರಿಯರು, ಸ್ಪಾಯ್ಲರು, ಬಾಗಿಲ ಕೆಳಗಿನ ಮೆಟ್ಟಿಲು, ಎಲ್ಲವನ್ನೂ ಬಿಚ್ಚುತ್ತಿದ್ದ. ಆದರೆ ಅವನಿಗೆ ಬೇಕಾಗಿದ್ದುದು ಗಾರ್ಡ್ ಒಂದೇ. ಕ್ಯಾರಿಯರನ್ನು ಗಿರಾಕಿಗೆ ವಾಪಸು ಕೊಡುತ್ತಿದ್ದ. ಗಾರ್ಡನ್ನು ಮಾತ್ರ ಅಲ್ಲೇ ಕಟಿಂಗ್ ಮಷಿನ್ನಿಗೆ ಕೊಟ್ಟು ಗೇಣುದ್ದದ ತುಂಡು ಮಾಡುತ್ತಿದ್ದ. ಇನ್ನೊಂದು ಗಾಡಿಗೆ ಅದು ಏರಬಾರದು. ಮಷಿನ್ನು ಕಿರುಚುವಷ್ಟು ಹೊತ್ತು ಅವನ ಹೊಟ್ಟೆಯ ಮೇಲಿನ ಗೆರೆ ಬೆಚ್ಚಗಾಗುತ್ತಿತ್ತು. ನಿಲ್ಲಿಸಿದರೆ ಮತ್ತೆ ತಣ್ಣಗೆ.

ಹೀಗೇ ನಾಲ್ಕು ವರ್ಷ ಕಳೆಯಿತು. ಆಗ ಬಂದವರು ರಘುನಾಥ್. ಯಲಹಂಕ ಉಪನಗರದವರು, ಅಳತೆಯ ಉಪಕರಣ ಮಾಡುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಸೆಕೆಂಡ್‌ಹ್ಯಾಂಡ್ ಕಾರು ಕೊಂಡು ಎರಡು ವರ್ಷವಾಗಿತ್ತು. ಗಾರ್ಡು, ಕ್ಯಾರಿಯರು ಎರಡೂ ಹಿಂದಿನ ಯಜಮಾನ ಹಾಕಿಸಿದ್ದು. ವಿಜಯಕುಮಾರ ತನ್ನ ಮಾಮೂಲಿ ಮಾತು ಹೇಳಿದ. ರಘುನಾಥ್ ತಲೆಯಾಡಿಸಿ, ಒಟ್ಟಿಗೆ ಬೇಡ, ಒಂದೊಂದಾಗಿ ತೆಗೆಯಿರಿ, ಇವತ್ತು ಗಾರ್ಡ್ ಮಾತ್ರ ಎಂದರು. ತಿಂಗಳು ಬಿಟ್ಟು ಕ್ಯಾರಿಯರಿಗಾಗಿ ಬಂದರು. ಇನ್ನೊಂದು ತಿಂಗಳಾದ ಮೇಲೆ ಮೂರನೆಯ ಸಲ ಬಂದಾಗ ಅವರ ಕೈಯಲ್ಲಿ ಮಡಿಸಿದ ಹಾಳೆಯಿತ್ತು. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಗಾರ್ಡ್ ಇದ್ದಾಗಿನಿಂದಲೂ ಅವರು ಮಾಡುತ್ತಾ ಬಂದದ್ದು ಇಷ್ಟು. ಪ್ರತಿ ಸಲವೂ ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಟೈರಿನ ಗಾಳಿ ಸರಿ ನೋಡಿಕೊಂಡು, ಎರಡು ಬಗೆಯಲ್ಲಿ ಓಡಿಸಿದ್ದರು. ಮೊಮ್ಮಗಳು ಮಹತಿಯನ್ನು ಸಂಗೀತ ಪಾಠಕ್ಕೆ ಆರ್.ಟಿ. ನಗರಕ್ಕೆ ಬಿಡುವ ಊರೊಳಗಿನ ಓಡಾಟ ಒಂದು, ತುಮಕೂರಿಗೆ ಎಂಬತ್ತೈದರ ವೇಗದಲ್ಲಿ ಹೋಗಿ ಬರುವುದು ಇನ್ನೊಂದು. ಕ್ಯಾರಿಯರ್ ತೆಗೆದ ಮೇಲೆ ತುಮಕೂರು ರಸ್ತೆಯಲ್ಲಿ ಲೀಟರಿಗೆ ಒಂದೂವರೆ ಕಿಲೋಮೀಟರು ಏರಿತ್ತು. ಊರೊಳಗೆ ಏನೂ ವ್ಯತ್ಯಾಸವಿಲ್ಲ. ಹೆಬ್ಬಾಳದಲ್ಲಿ ತೆವಳುವ ಗಾಡಿಗೆ ಗಾಳಿ ಎಲ್ಲಿಂದ ಅಡ್ಡ ಬರಬೇಕು, ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಎಲ್ಲ ಆಟವೂ ಹೈವೇಯಲ್ಲೇ ಎಂದು ಅವರು ಪಾಠ ಹೇಳುವವರಂತೆ ವಿವರಿಸಿದರು. ಆಮೇಲೆ ಕನ್ನಡಕ ತೆಗೆದರು.

"ಕ್ಯಾರಿಯರ್ ವಿಷಯ ನೀವು ಹೇಳಿದ್ದು ನಿಜ. ಗಾರ್ಡ್ ತೆಗೆದಿದ್ದಕ್ಕೆ ಏನೂ ಆಗ್ಲಿಲ್ಲ. ಎರಡು ಸಲ ನೋಡ್ದೆ, ಹೈವೇನಲ್ಲೂ ನೋಡ್ದೆ. ನಿಮಗೆ ಇದು ಗೊತ್ತಿಲ್ಲ ಅಂತ ನನಗನ್ಸಲ್ಲ. ನನ್ನ ಕೇಳ್ದೆ ಅದನ್ನ ಕತ್ತರಿಸಿ ಬೇರೆ ಹಾಕಿದ್ರಿ. ಯಾಕೆ?"

ನಾಲ್ಕು ವರ್ಷದಲ್ಲಿ ಒಬ್ಬರೂ ಅಳೆದು ನೋಡಿರಲಿಲ್ಲ. ಹೇಳಿದ್ದನ್ನು ನಂಬಿ, ಹೆಚ್ಚಾಯಿತು ಎಂದು ತಾವೇ ಅಂದುಕೊಂಡು ಖುಷಿಯಾಗಿದ್ದರು. ವಿಜಯಕುಮಾರ ಇನ್ನೊಂದು ಸುಳ್ಳು ಹುಡುಕಿದ, ಸಿಗಲಿಲ್ಲ.

"ಒಬ್ಬರು ಸತ್ತೋದ್ರು ಸರ್," ಎಂದ. "ನಾನು ಮಾಡಿದ ಗಾರ್ಡಿಂದ."

ಆಮೇಲೆ ಎಲ್ಲವನ್ನೂ ಹೇಳಿದ. ಹೆಂಡತಿಗೂ ಹೇಳದಿದ್ದ ಬಳೆಚೂರಿನ ಮಾತನ್ನೂ, ಹೆಮ್ಮೆಯಾದ ಆ ಗಳಿಗೆಯನ್ನೂ ಹೇಳಿದ. ಮುಗಿದ ಮೇಲೆ ರಘುನಾಥ್ ಆ ಹೆಂಗಸಿನ ಹೆಸರು ಕೇಳಿದರು. ಲಕ್ಷ್ಮಿದೇವಮ್ಮ ಎಂದು ವಿಜಯಕುಮಾರ ಮೊದಲ ಬಾರಿಗೆ ಬಾಯಿ ಬಿಟ್ಟು ಹೇಳಿದ. ಹೇಳಿದ್ದೇ ಅಂಗಡಿಯ ಬಾಗಿಲಲ್ಲಿ ಯಾರೋ ಬಂದು ನಿಂತಂತಾಗಿ ತಿರುಗಿ ನೋಡಿದ. ಯಾರೂ ಇರಲಿಲ್ಲ.

ಗಾರ್ಡಿಂದಲೇ ಹೋದರು ಎಂದು ಖಚಿತವಾಗಿ ಹೇಳುವ ಹಾಗಿಲ್ಲ ಎಂದರು ರಘುನಾಥ್. ಮರುಗಳಿಗೆಗೆ, ಅಲ್ಲ ಎಂದು ಹೇಳುವ ಹಾಗೂ ಇಲ್ಲ ಎಂದರು. ತಾವು ಎರಡು ವರ್ಷ ಅದನ್ನೇ ಮುಂದಿಟ್ಟುಕೊಂಡು ಶಾಲೆಗಳ ಮುಂದೆಲ್ಲ ಹಾದು ಹೋಗಿದ್ದು ನೆನಪಾಯಿತೋ ಏನೋ, ಬಿಚ್ಚಿದ ಹಾಳೆಯನ್ನು ಮತ್ತೆ ಮಡಿಸಿ ಜೇಬಿಗಿಟ್ಟರು. ಹೊರಡುವಾಗ ಒಂದು ಮಾತು ಹೇಳಿದರು.

"ಸುಳ್ಳು ಹೇಳಿ ಬಿಚ್ಚಿಸ್ಬೇಡಿ. ನನ್ನ ಹಾಗೆ ಇನ್ನೊಬ್ಬ ಅಳೀತಾನೆ, ಆಮೇಲೆ ನೀವು ನಿಜ ಹೇಳಿದ್ರೂ ಯಾರೂ ನಂಬಲ್ಲ. ಅವರ ಮನೆಯವರಿಗೆ ಹೇಳಿದ್ದೀರಾ?"

ಹೇಳಿರಲಿಲ್ಲ. ಹದಿನೈದು ದಿನ ತಡೆದುಕೊಂಡ. ಮೊದಲು ನಾಗಮಣಿಗೆ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. ಇಷ್ಟು ವರ್ಷ ನಿಮ್ಮ ನೋಟ ನನ್ನ ಮುಖ ಬಿಟ್ಟು ಸೊಂಟದ ಮೇಲೆ ಯಾಕಿರುತ್ತಿತ್ತು ಅಂತ ಈಗ ಗೊತ್ತಾಯಿತು ಎಂದಳು. ಒಂದು ಭಾನುವಾರ ಬೆಳಿಗ್ಗೆ ವಿಜಯಕುಮಾರ ಚಿಕ್ಕಬಾಣಾವರಕ್ಕೆ ಹೋಗಿ, ಅಂಗನವಾಡಿಯ ಬಳಿ ವಿಚಾರಿಸಿ, ರೈಲ್ವೆ ಸ್ಟೇಷನ್ ಹಿಂದಿನ ಮನೆ ಹುಡುಕಿದ. ಲಕ್ಷ್ಮಿದೇವಮ್ಮನ ಗಂಡ ಪುಟ್ಟಣ್ಣ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ.

ನಿಂತುಕೊಂಡೇ ಹೇಳಿದ. ಗಾರ್ಡು, ಬಣ್ಣ, ಬಳೆಚೂರು. ಪುಟ್ಟಣ್ಣನ ಕೈ ಸುಲಿಯುತ್ತಲೇ ಇತ್ತು. ಮಾತು ಮುಗಿದು ಎಷ್ಟೋ ಹೊತ್ತಿನ ಮೇಲೆ ಕೈ ನಿಂತಿತು.

"ಅವತ್ತು ಅವ್ಳು ತಾನೇ ಎದ್ದು ಕೂತ್ಲು ಕಣ್ರೀ. ನೀರು ಕುಡುದ್ಲು. ಮೈಮ್ಯಾಲೆ ಗಾಯ ಇಲ್ಲ, ರಕ್ತ ಇಲ್ಲ. ನಂಗೇನಾಗಿಲ್ಲ, ಮನೆಗೋಗಣ ಅಂದ್ಲು. ನಾನು ಮನೆಗೆ ಕರ್ಕಂಡ್ ಬಂದೆ. ಮದ್ಯಾನ ಒಟ್ಟೆನೋವು ಅಂದಾಗ್ಲೇ ಆಸ್ಪತ್ರೆಗೋಗಿದ್ದು. ಒಳ್ಗಡೆ ಏಟಾಗೈತೆ, ತಡ ಮಾಡುದ್ರಿ ಅಂದ್ರು ಡಾಕ್ಟ್ರು." ಅವನು ಮೊರದ ಕಡೆ ನೋಡಿದ. "ಐದು ವರ್ಸದಿಂದ ನಾನೇ ಸಾಯ್ಸಿದೆ ಅಂದ್ಕಂಡಿದ್ದೆ."

ವಿಜಯಕುಮಾರ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಪುಟ್ಟಣ್ಣ ಕೈ ಎತ್ತಿ ತಡೆದ. ಕ್ಷಮಿಸಿದೆ ಎನ್ನಲಿಲ್ಲ, ಶಪಿಸಲೂ ಇಲ್ಲ. ಇನ್ನು ಓಗಿ ಎಂದಷ್ಟೇ ಹೇಳಿ, ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಈಗ ಅಂಗಡಿಯಲ್ಲಿ ವಿಜಯಕುಮಾರ ಎರಡು ಮಾತು ಹೇಳುತ್ತಾನೆ. ಕ್ಯಾರಿಯರ್ ಬಿಚ್ಚಿದರೆ ಹೈವೇಯಲ್ಲಿ ಮೈಲೇಜ್ ಬರುತ್ತದೆ. ಗಾರ್ಡ್ ಬಿಚ್ಚಿದರೆ ಏನೂ ಬರುವುದಿಲ್ಲ, ಆದರೂ ಬಿಚ್ಚಿಸಿ, ಯಾಕೆಂದು ಹೇಳುತ್ತೇನೆ ಕೇಳಿ. ಅರ್ಧಕ್ಕೆ ಅರ್ಧ ಜನ ಕೇಳದೆ ಹೊರಟುಹೋಗುತ್ತಾರೆ. ಕೇಳಿದವರಲ್ಲಿ ಕೆಲವರು ಬೀಗದ ಕೈ ಕೊಡುತ್ತಾರೆ.

ಅವನು ಚಿಕ್ಕಬಾಣಾವರಕ್ಕೆ ಹೋಗಿ ಬಂದ ಮುಂದಿನ ತಿಂಗಳು ಪುಟ್ಟಣ್ಣ ತಾನಾಗಿ ಗೊರಗುಂಟೆಪಾಳ್ಯಕ್ಕೆ ಬಂದ. ಅಂಗಡಿಯೊಳಗೆ ಕಾಲಿಡಲಿಲ್ಲ. ಎದುರಿನ ಹೊಂಗೆ ಮರದ ಕೆಳಗೆ ನಿಂತು ಪೈಪು ತುಂಡಾಗುವುದನ್ನು ಕಿಡಿ ಆರುವವರೆಗೆ ನೋಡಿದ, ಹೋದ. ಆಮೇಲೂ ಬರುತ್ತಾನೆ. ಯಾವ ದಿನ ಎಂದಿಲ್ಲ, ಎಷ್ಟು ಹೊತ್ತು ಎಂದಿಲ್ಲ. ಏನನ್ನು ನೋಡಲು ಬರುತ್ತಾನೆ ಎಂದು ಕೇಳುವ ಧೈರ್ಯ ವಿಜಯಕುಮಾರನಿಗೆ ಇನ್ನೂ ಬಂದಿಲ್ಲ. ಮರದ ಕೆಳಗೆ ಒಂದು ಸ್ಟೂಲ್ ಹಾಕಿಸಿದ್ದಾನೆ. ಪುಟ್ಟಣ್ಣ ಅದರ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತಾನೆ.