ಅಲ್ಲಪ್ಪನ ಛತ್ರಿ ಕಡ್ಡಿ

ಕುಲಗೋಡದ ಅಲ್ಲಪ್ಪ ಎತ್ತುಗಳ ಗೊರಸಿಗೆ ನಾಲು, ಅಂದರೆ ಲಾಳ, ಬಡಿಯುವವನು. ವಯಸ್ಸು ಅರವತ್ತೆರಡು, ಓದಿದ್ದು ಮೂರನೇ ಇಯತ್ತೆ. ಅವನ ಕಸುಬು ಕಲಿತವಳು ಮಗಳು ವಿಜಯಶ್ರೀ. ಮದುವೆಯಾಗಿ ಬೆಲ್ಲದ ಬಾಗೇವಾಡಿಗೆ ಹೋದ ಮೇಲೆ ಅಲ್ಲಿಯೂ ಸುತ್ತಿಗೆ ಹಿಡಿದಿದ್ದಾಳೆ. ಆದರೆ ಬಿರುಕು ಬಿಟ್ಟ ಗೊರಸಿನ ಕೆಲಸ ಅವಳಿಗೆ ಬರುತ್ತಿರಲಿಲ್ಲ. ಮೊಳೆ ಕೂದಲೆಳೆಯಷ್ಟು ಒಳಗೆ ಸರಿದರೂ ಎತ್ತು ಕುಂಟುತ್ತದೆ. ಅಪ್ಪನ ಪಕ್ಕ ವರ್ಷಗಟ್ಟಲೆ ಕೂತರೂ ಅವಳಿಗೆ ಕಂಡದ್ದು ಅವನ ಮೊಣಕೈ. ಮೊಳೆಯ ತುದಿ ಬಡಿಯುವವನ ಕಣ್ಣಿಗಷ್ಟೇ ಕಾಣುತ್ತದೆ.

ಅಲ್ಲಪ್ಪನ ಬಲ ಮಣಿಕಟ್ಟು ಕೆಟ್ಟಿತು. ಸೋಮವಾರ ಆಪರೇಶನ್, ಆಮೇಲೆ ಸುತ್ತಿಗೆ ಹಿಡಿಯುವಂತಿಲ್ಲ ಎಂದರು ಡಾಕ್ಟರು. ಅದಕ್ಕೂ ಮುಂಚೆ, ಶುಕ್ರವಾರ, ರೈತ ಸೋಮಪ್ಪ ಬಿರುಕು ಗೊರಸಿನ ಎತ್ತು ತರುವವನಿದ್ದ. ಅದೇ ಕೊನೆಯದು. ಹಣೆಗೆ ಕಟ್ಟಿಕೊಳ್ಳುವ, ಬೆಂಕಿಪೊಟ್ಟಣದಷ್ಟು ಕ್ಯಾಮೆರಾ ಒಂದನ್ನು ವಿಜಯಶ್ರೀ ಕಳಿಸಿದಳು. ಅದಕ್ಕೆ ಪರದೆ ಇಲ್ಲ. ಬುಧವಾರ ಬೇರೊಂದು ಎತ್ತಿನ ಮೇಲೆ ಪ್ರಯೋಗ ನಡೆಸಿ, ಅಲ್ಲಪ್ಪ ವಿಡಿಯೋ ಕಳಿಸಿದ.

“ಗೊರಸ ತೋರಸಂದ್ರ ಬೇವಿನ ಗಿಡಾ ತೋರಸೀಯಲ್ಲಪಾ,” ಎಂದು ಫೋನಿನಲ್ಲಿ ಮಗಳು ನಕ್ಕಳು.

ತಪ್ಪು ಕಸುಬಿನದೇ. ಹಗ್ಗ ಕಟ್ಟಿ ಕೆಡವಿದ ಎತ್ತು ಕಾಲು ಝಾಡಿಸಿದರೆ ಹಣೆ ಒಡೆಯುತ್ತದೆ. ಅದಕ್ಕೇ ನಾಲು ಬಡಿಯುವವರು ತಲೆ ಬಗ್ಗಿಸುವುದಿಲ್ಲ, ಕಣ್ಣಷ್ಟೇ ಇಳಿಸುತ್ತಾರೆ. ಕ್ಯಾಮೆರಾ ಮಾತ್ರ ನೆಟ್ಟಗೆ ಎದುರಿಗಿದ್ದ ಬೇವಿನ ಮರ ನೋಡುತ್ತಿತ್ತು.

ನಾನು ಗೋಕಾಕದ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದವಳು. ನನ್ನ ಮನೆ ಅಲ್ಲಪ್ಪನ ಮನೆಯೆದುರು. ಗುರುವಾರ ಹೋದಾಗ ಅವನು ಮುರಿದ ಛತ್ರಿಯ ಕಡ್ಡಿಯನ್ನು ಕ್ಯಾಮೆರಾದ ಪಟ್ಟಿಗೆ ಬಿಗಿದಿದ್ದ. ತುದಿಯನ್ನು ಉಂಗುರದಂತೆ ಬಗ್ಗಿಸಿ, ಕಣ್ಣಿನ ನೇರಕ್ಕಲ್ಲ, ಇಳಿಸಿದ ಕಣ್ಣು ಹೋಗುವ ಕಡೆ, ಮೂಗಿನ ಪಕ್ಕ ಇಳಿಬಿಟ್ಟಿದ್ದ. ಹಿಂದೆ ಸೈಕಲ್ ಟ್ಯೂಬಿನ ತುಂಡು ತುರುಕಿ ಕ್ಯಾಮೆರಾವನ್ನೂ ಬಗ್ಗಿಸಿದ್ದ. ಪರದೆಯ ಬದಲು ಈ ಉಂಗುರ: ಅದರೊಳಗೆ ಕಣ್ಣಿಗೆ ಕಂಡದ್ದು ಚಿತ್ರದ ನಡುವೆ ಬರಬೇಕು. ಕ್ಯಾಮೆರಾ ಕಣ್ಣಿಗಿಂತ ನಾಲ್ಕು ಬೆರಳು ಮೇಲಿದೆ, ಎರಡರ ನೋಟ ಒಂದೇ ದೂರದಲ್ಲಿ ಮಾತ್ರ ಕೂಡುತ್ತದೆ ಎಂದು ನಾನು ವಿವರಿಸಹೊರಟೆ. ಅವನು ಎದುರಿಗೆ ಒಂದೂಕಾಲು ಮೊಳ ದೂರದಲ್ಲಿ ಮಣೆಯ ಮೇಲಿಟ್ಟ ಹಳೆಯ ನಾಲನ್ನು ತೋರಿಸಿದ.

“ಸವ್ವಾ ಮೊಳರಿ ಅಕ್ಕಾರ. ನಾ ಕುಂತ್ರ ಗೊರಸು ಯಾವತ್ತೂ ಅಷ್ಟ ದೂರ. ಅಲ್ಲಿ ಕೂಡಿದ್ರ ಸಾಕು. ಬ್ಯಾರೆ ಕಡೆ ಹೆಂಗರ ಹೋಗ್ಲಿ.”

ಉಂಗುರವನ್ನು ಜೋಳದ ಕಾಳಿನಷ್ಟು ಸರಿಸುವುದು, ಚಿತ್ರ ತೆಗೆದು ಫೋನಿನಲ್ಲಿ ನೋಡುವುದು, ಮತ್ತೆ ಸರಿಸುವುದು: ಸಂಜೆಯವರೆಗೆ ಅದೇ ನಡೆಯಿತು.

ಶುಕ್ರವಾರ ಸೋಮಪ್ಪನ ಎತ್ತು ಎರಡು ಸಲ ಒದೆಯಿತು. ಅಲ್ಲಪ್ಪನ ತಲೆ ಅಲುಗಲಿಲ್ಲ. ವಿಡಿಯೋದಲ್ಲಿ ಮೊದಲಿನಿಂದ ಕೊನೆಯವರೆಗೆ ಗೊರಸು ನಟ್ಟನಡುವೆ ಇತ್ತು.

ಮರುದಿನ ವಿಜಯಶ್ರೀ ಫೋನ್ ಮಾಡಿ, ಪ್ರತಿ ಮೊಳೆಗೂ ಮುಂಚೆ ಎಡ ಹೆಬ್ಬೆರಳಿನಿಂದ ಗೊರಸನ್ನು ಒತ್ತುವುದೇಕೆ ಎಂದು ಕೇಳಿದಳು. ತಾನು ಒತ್ತುವುದೇ ಇಲ್ಲ ಎಂದ ಅಲ್ಲಪ್ಪ.

“ನೀನ ನೋಡು,” ಎಂದಳು ಮಗಳು.

ನೋಡಿದ. ಒತ್ತಿದಾಗ ನೋವಿಗೆ ಎತ್ತಿನ ಚರ್ಮ ಅದುರಿದರೆ ಆ ಜಾಗ ಬಿಟ್ಟು ಮೊಳೆ ಇಡುತ್ತಿದ್ದ. ನಲವತ್ತು ವರ್ಷ ತನ್ನ ಕೈ ಮಾಡಿದ್ದನ್ನು ಅವನು ಅಂದು ಮೊದಲ ಸಲ ಕಂಡ.

ಆಪರೇಶನ್ ಆಗಿ ಮೂರನೇ ವಾರ, ಬಾಗೇವಾಡಿಯ ಕೆಂಪವ್ವ ಬಿರುಕು ಗೊರಸಿನ ಎತ್ತನ್ನು ವಿಜಯಶ್ರೀಯ ಬಳಿ ತಂದಳು. ವಿಜಯಶ್ರೀ ಹೆಬ್ಬೆರಳು ಒತ್ತಿದಳು. ಎರಡನೇ ಮೊಳೆಯ ಜಾಗದಲ್ಲಿ ಚರ್ಮ ಅದುರಿತು. ಅರ್ಧ ಬೆರಳು ಸರಿದು ಬಡಿದಳು. ಹಗ್ಗ ಬಿಚ್ಚಿದಾಗ ಎತ್ತು ಎದ್ದು, ನಾಲ್ಕೂ ಕಾಲು ಊರಿ ಗಾಡಿಯ ಕಡೆ ನಡೆಯಿತು.